ಹಾಜರಿ ಗಂಟೆ

ಯಂತ್ರ ತನಗೆ ಬೇಕಾದ ಸದ್ದನ್ನು ಕೊನೆಗೂ ಹುಡುಕಿಕೊಂಡ ದಿನ ಶೇವಂತಿಗೆ ವಿಪರೀತ ಹಸಿವಾಗಿತ್ತು. ಆ ತಿಂಗಳು ಪೂರ್ತಿ ಹೀಗೇ ಆಗುತ್ತಿತ್ತು. ಪ್ರಯೋಗ ಶುರುವಾಗಿ ಸ್ಪೀಕರು ಗುಂಯ್ ಎಂದರೆ ಸಾಕು, ಬಾಯಲ್ಲಿ ನೀರು. ಮೇಜಿನ ಡ್ರಾಯರಿನಲ್ಲಿ ಯಾವಾಗಲೂ ಬಿಸ್ಕತ್ತು ಇಟ್ಟುಕೊಂಡಿರುತ್ತಿದ್ದಳು. "ಶೇವಂತಿ ಮೇಡಂ ಕಿವೀಲೆ ಕೇಳೂದಿಲ್ರೀ, ಹೊಟ್ಟೀಲೆ ಕೇಳ್ತಾರ" ಎಂದು ಪ್ರಯೋಗಾಲಯದ ಹುಡುಗರು ಗೇಲಿ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ಧ್ವನಿವಿಜ್ಞಾನದಲ್ಲಿ ಡಾಕ್ಟರೇಟು ಪಡೆದವಳಿಗೆ ತನ್ನದೇ ಹಸಿವಿನ ಕಾರಣ ಹೊಳೆದಿರಲಿಲ್ಲ.

ಯಂತ್ರದ ಹೆಸರು 'ಸಮಾಧಾನ'. ಹುಬ್ಬಳ್ಳಿಯ ಹೊರಗೆ ನಾದಶಾಂತಿ ಎಂಬ ಕಂಪನಿ ಅದನ್ನು ಕಟ್ಟುತ್ತಿತ್ತು. ಲಾಠಿ ಬೇಡ, ಅಶ್ರುವಾಯು ಬೇಡ. ಕಂಬಕ್ಕೆ ನೇತುಹಾಕಿದ ಸ್ಪೀಕರಿನಿಂದ ಒಂದು ಸದ್ದು ಹೊರಟರೆ ಎಂಥ ಗದ್ದಲದ ಗುಂಪೂ ತಾನಾಗಿ ತಣ್ಣಗಾಗಬೇಕು. ಅಂಥ ಸದ್ದು ಯಾವುದೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಒಂದು ಸದ್ದು ಮಾಡುತ್ತಿತ್ತು, ಎದುರಿಗಿದ್ದವರ ಎದೆಬಡಿತ, ಉಸಿರು, ಕಾಲಿನ ಚಲನೆ ನೋಡುತ್ತಿತ್ತು, ಸದ್ದನ್ನು ತುಸು ಬದಲಿಸಿ ಮತ್ತೆ ನೋಡುತ್ತಿತ್ತು. ಜನ ಹೆಚ್ಚು ತಣ್ಣಗಾದರೆ ಆ ಬದಲಾವಣೆ ಉಳಿಸಿಕೊಳ್ಳುತ್ತಿತ್ತು, ಇಲ್ಲದಿದ್ದರೆ ಬಿಡುತ್ತಿತ್ತು. ಕತ್ತಲೆಯಲ್ಲಿ ಗೋಡೆ ತಡವಿ ಬಾಗಿಲು ಹುಡುಕಿದ ಹಾಗೆ ತಿಂಗಳುಗಟ್ಟಲೆ ತಡವಿತ್ತು.

ಪ್ರಯೋಗಕ್ಕೆ ಬಂದವರಲ್ಲಿ ಹೆಚ್ಚಿನವರು ತಂತಿ ಓಣಿಯವರು, ಅಂದರೆ ಶೇವಂತಿಯ ತವರಿನವರು. ಕೂಗಾಡುವುದಕ್ಕೆ ಕೂಲಿ, ಮೇಲೆ ಮಧ್ಯಾಹ್ನದ ಊಟ. ನಮ್ಮ ಓಣಿಯವರಿಗೇ ಸಿಗಲಿ ಎಂದು ಅವಳೇ ಕರೆಸಿದ್ದಳು.

ಆವತ್ತು ಅವರು ಸಭಾಂಗಣದಲ್ಲಿ ನಗುನಗುತ್ತಾ ಘೋಷಣೆ ಕೂಗುತ್ತಿದ್ದರು. ಗಾಜಿನ ಈಚೆಗಿನ ನಿಯಂತ್ರಣ ಕೊಠಡಿಯಲ್ಲಿ ಶೇವಂತಿ ಮತ್ತು ಯೋಜನೆಯ ಮುಖ್ಯಸ್ಥ ಗಲಗಲಿ ಸರ್ ಕೂತಿದ್ದರು. ಸದ್ದು ಬಂತು. ಢಣ್... ಢಣ್... ಢಣಢಣ. ದಪ್ಪ ಕಬ್ಬಿಣದ ಸದ್ದು, ಅಂಚಿನಲ್ಲಿ ಎಲ್ಲೋ ಬಿರುಕು ಬಿಟ್ಟಂಥದು. ಕೂಗು ನಿಂತಿತು. ಮುಂದಿನವರು ಕುಕ್ಕರಗಾಲಲ್ಲಿ ಕೂತರು, ಅವರ ಹಿಂದಿನವರು ಅವರ ಹಿಂದೆ ನೆಟ್ಟಗೆ ಸಾಲು ಹಿಡಿದು ಕೂತರು. ಯಾರೂ ಹೇಳಿರಲಿಲ್ಲ. ಎಲ್ಲರ ತಲೆ ಕೆಳಗೆ. ಆಮೇಲೆ ಒಬ್ಬೊಬ್ಬರ ಎಡಗೈ ಮುಂದೆ ಬಂತು, ಬೆರಳು ಮಡಚಿ, ಹೆಬ್ಬೆಟ್ಟು ಮಾತ್ರ ಚಾಚಿ.

ಶೇವಂತಿಯ ಕೈಯಲ್ಲಿದ್ದ ಬಿಸ್ಕತ್ತು ಮುರಿಯಿತು. ಪಕ್ಕದಲ್ಲಿ ಗಲಗಲಿ ಸರ್ ಎದ್ದು ನಿಂತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಕೂತವರನ್ನು ಅವರು ಎಣಿಸುತ್ತಿದ್ದರು.

"ಸರ್, ಯಾಕ ಎಣಸಾಕತ್ತೀರಿ?"

"ಯಾರು, ನಾನ? ಇಲ್ಲವಾ. ಬೆನ್ನು ನೋಯ್ತದ ಅಂತ ಎದ್ದೆ." ಕಣ್ಣು ಮಾತ್ರ ಗಾಜಿನಾಚೆಯೇ ಇತ್ತು. "ನೋಡು, ಎಷ್ಟು ಛಂದ ಕೂತಾರ."

ಹಿಂದಿನ ಸಾಲಿನಲ್ಲಿ ಕೆಲವರು ಕೂತಿರಲಿಲ್ಲ. ಅವರು ಉಗುಳು ನುಂಗುತ್ತಾ, ಕೂತವರನ್ನು ಪಿಳಿಪಿಳಿ ನೋಡುತ್ತಾ ನಿಂತಿದ್ದರು. ಸದ್ದು ನಿಂತಿತು. ಕೂತವರು ಏಳಲಿಲ್ಲ. "ಚಾ ಬಂದೈತಿ, ಏಳ್ರಪಾ" ಎಂದರೂ ಏಳಲಿಲ್ಲ. ಕಡೆಗೆ ಬಾಗಿಲ ಕಾವಲುಗಾರ ರೇಗಿ "ಏಳ್ರಲೇ" ಎಂದು ಗದರಿದ ಮೇಲೆ ಎಲ್ಲರೂ ಒಟ್ಟಿಗೆ ಎದ್ದರು. ಏನಾಯಿತೆಂದು ಕೇಳಿದರೆ ಒಬ್ಬರಿಗೂ ಹೇಳಲು ಬರಲಿಲ್ಲ. ಒಬ್ಬ ಗಟ್ಟಿಮುಟ್ಟಾದ ಹಮಾಲ ಸುಮ್ಮನೆ ಅಳುತ್ತಿದ್ದ, ಅದು ಯಾಕೆಂದು ಅವನಿಗೇ ತಿಳಿದಿರಲಿಲ್ಲ.

ಶೇವಂತಿಗೆ ತಿಳಿದಿತ್ತು. ಅವಳ ಅಜ್ಜ ಹೇಳುತ್ತಿದ್ದ ಮಾತು ಅದು. ಬ್ರಿಟಿಷರ ಕಾಲದಲ್ಲಿ ಕೆಲವು ಜಾತಿಗಳು ಹುಟ್ಟಿನಿಂದಲೇ ಕಳ್ಳಜಾತಿಗಳೆಂದು ಕಾನೂನಾಯಿತು. ಅಲೆಮಾರಿಗಳನ್ನು ಹಿಡಿದು ತಂದು ಮುಳ್ಳುತಂತಿಯ ಬೇಲಿಯೊಳಗೆ ಹಾಕಿದರು. ಕಚೇರಿಯ ಮುಂದಿನ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಅದನ್ನು ಬಡಿದಾಗಲೆಲ್ಲ ಗಂಡಸರು ಹೆಂಗಸರು ಮಕ್ಕಳು ಸಾಲಾಗಿ ಕೂತು ಹೆಬ್ಬೆಟ್ಟು ಒತ್ತಿ ಹಾಜರಿ ಕೊಡಬೇಕು. ತಪ್ಪಿದವರ ಬೆನ್ನಿಗೆ ಬೆತ್ತ. ದೇಶ ಸ್ವತಂತ್ರವಾಯಿತು, ಕಾನೂನು ಹೋಯಿತು, ಬೇಲಿ ಕಿತ್ತರು, ಹಳಿ ಗುಜರಿಗೆ ಹೋಯಿತು. ಓಣಿಗೆ ಹೆಸರೊಂದು ಉಳಿಯಿತು. ಪೊಲೀಸರಿಗೆ ಸಂಶಯವೂ ಉಳಿಯಿತು ಅನ್ನಿ, ಆ ಮಾತು ಬೇರೆ. ಆದರೆ ಆ ಹಳಿಯ ಸದ್ದನ್ನು ಇಂದು ಬದುಕಿರುವ ಯಾರೂ ಕೇಳಿರಲಿಲ್ಲ. ಯಂತ್ರ ಅದನ್ನು ಅವರ ಮೈಯೊಳಗಿನಿಂದಲೇ ಅಗೆದು ತೆಗೆದಿತ್ತು.

ಇದು ಆಗದ ಮಾತೇನೂ ಅಲ್ಲ. ಒಂದು ವಾಸನೆಯ ಜೊತೆ ವಿದ್ಯುತ್ತಿನ ಪೆಟ್ಟು ತಿಂದ ಇಲಿಯ ಮೊಮ್ಮಕ್ಕಳು ಪೆಟ್ಟು ಕಾಣದೆಯೂ ಆ ವಾಸನೆಗೆ ಬೆಚ್ಚುತ್ತವೆಂದು ಅವಳು ಓದಿದ್ದಳು. ಮನುಷ್ಯರಲ್ಲಿ ಇಷ್ಟು ಆಳಕ್ಕೆ ಹೋಗಿರುತ್ತದೆ, ಹೆಬ್ಬೆಟ್ಟಿನವರೆಗೂ ಇಳಿದಿರುತ್ತದೆ ಎಂದು ಮಾತ್ರ ಯಾರೂ ಬರೆದಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತಾನು ಯಾಕೆ ಕೂರಲಿಲ್ಲ ಎಂಬುದು ತಿಳಿಯದೆ ಹೆದರಿಕೆಯಾಯಿತು.

ಮರುದಿನ ಭಾನುವಾರ. ನವನಗರದ ಮನೆಗೆ ಅವಳ ತಾಯಿ ಜನಾಬಾಯಿ ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶೇವಂತಿಯ ಒಂಬತ್ತು ವರ್ಷದ ಮಗಳು ಇಂಚರಾ ಪಡಸಾಲೆಯಲ್ಲಿ ಹಗ್ಗದಾಟ ಆಡುತ್ತಾ ನೆಲ ಒಡೆಯುವ ಹಾಗೆ ಕುಣಿಯುತ್ತಿದ್ದಳು. ಗಂಡ ಸೊಲ್ಲಾಪುರದಲ್ಲಿ ರೈಲ್ವೆ ಎಂಜಿನಿಯರು, ಆ ವಾರ ಬಂದಿರಲಿಲ್ಲ. ಕೋಣೆಯಲ್ಲಿ ಶೇವಂತಿ ಸದ್ದನ್ನು ಇನ್ನೊಮ್ಮೆ ಪರೀಕ್ಷಿಸಲು ಲ್ಯಾಪ್‌ಟಾಪ್ ತೆರೆದಳು. ಹೆಡ್‌ಫೋನಿನ ವೈರು ಸಡಿಲಾಗಿದ್ದುದನ್ನು ನೋಡಲಿಲ್ಲ. ಢಣ್... ಢಣ್... ಢಣಢಣ ಎಂದು ಸದ್ದು ಮನೆಯಿಡೀ ಹರಿಯಿತು.

ಹಗ್ಗದ ಸದ್ದು ನಿಂತಿತು.

ಓಡಿಬಂದು ನೋಡಿದರೆ ಇಂಚರಾ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆ ಬಗ್ಗಿಸಿದ್ದಳು. ಎಡಗೈ ಹೆಬ್ಬೆಟ್ಟು ಮುಂದೆ ಚಾಚಿತ್ತು.

"ಇಂಚೂ." ಮಗು ತಲೆ ಎತ್ತಲಿಲ್ಲ. "ಇಂಚೂ, ನಾನು ಮಮ್ಮಿ. ಇತ್ಲಾಗ ನೋಡು." ಅಪ್ಪಿಕೊಂಡಳು. ಮಗು ಅಪ್ಪುಗೆಯೊಳಗೆ ಕಲ್ಲಿನ ಹಾಗೆ ಕೂತೇ ಇತ್ತು, ಹೆಬ್ಬೆಟ್ಟು ಅವಳ ಹೊಟ್ಟೆಗೆ ಒತ್ತುತ್ತಿತ್ತು. ಶೇವಂತಿ ತಾಳಲಾರದೆ ಗದರಿದಳು, "ಎದ್ದೇಳು."

ಇಂಚರಾ ತಟ್ಟನೆ ಎದ್ದು ನಿಂತಳು. ಕಣ್ಣು ನೆಲದಲ್ಲಿತ್ತು, ಮುಂದಿನ ಅಪ್ಪಣೆಗೆ ಕಾಯುತ್ತಿತ್ತು. ಹುಟ್ಟಿದಾಗಿನಿಂದ ಒಂದೇ ಒಂದು ಮಾತನ್ನೂ ಮೊದಲ ಸಲಕ್ಕೆ ಕೇಳಿದ ಹುಡುಗಿಯಲ್ಲ ಅದು. ಹಲ್ಲುಜ್ಜು ಎಂದರೆ ಮನೆ ಸುತ್ತ ಓಡಿಸುವಂಥದು. ಆ ವಿಧೇಯತೆಯನ್ನು ನೋಡಿ ಶೇವಂತಿ ಅತ್ತುಬಿಟ್ಟಳು.

ಅಷ್ಟರಲ್ಲಿ ಜನಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳ ಮುಖ ಅರಳಿತ್ತು. ತುಟಿ ಚಪ್ಪರಿಸುತ್ತಾ ಕಿಟಕಿಯ ಕಡೆ ನೋಡಿದಳು.

"ಯಾರ ಮನ್ಯಾಗ ತೊಟ್ಟಿಲ ಹಾಕ್ಯಾರವಾ? ಗಂಟಿಬೆಲ್ಲದ ಸಪ್ಪಳ ಕೇಳ್ತಲ್ಲ."

ಶೇವಂತಿ ಅಳುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು.

ತಂತಿ ಓಣಿಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವುದಕ್ಕೂ ಮೊದಲು ಗಂಟಿಬೆಲ್ಲ ಆಗಬೇಕು. ಸೋದರತ್ತೆ ಮಗುವಿನ ಕಿವಿಯ ಹತ್ತಿರ ಕಬ್ಬಿಣದ ತುಂಡೊಂದನ್ನು ಬಡಿಯುತ್ತಾಳೆ. ಎರಡು ನಿಧಾನ, ಎರಡು ಬಿರುಸು. ಪ್ರತಿ ಬಡಿತಕ್ಕೂ ತಾಯಿ ಮಗುವಿನ ನಾಲಿಗೆಗೆ ಬೆಲ್ಲ ತೀಡಬೇಕು. ಮಗು ಅತ್ತರೆ ಮತ್ತೆ ಬಡಿಯಬೇಕು, ಮತ್ತೆ ಬೆಲ್ಲ ತೀಡಬೇಕು. ಅದು ಹೆಜ್ಜೆ ಇಡುವವರೆಗೆ ಅಮಾವಾಸ್ಯೆಗೊಮ್ಮೆ ಇದೇ ಕಥೆ. ಯಾಕೆ ಎಂದು ಕೇಳಿದರೆ ದೃಷ್ಟಿಗೆ ಎನ್ನುತ್ತಿದ್ದರು, ದೇವಿಗೆ ಎನ್ನುತ್ತಿದ್ದರು, ಹಿಂದಿನಿಂದ ಬಂದದ್ದು ಎನ್ನುತ್ತಿದ್ದರು. ಜನಾಬಾಯಿಗೂ ಅಷ್ಟೇ ಗೊತ್ತಿದ್ದುದು.

ಬೇಲಿಯೊಳಗಿದ್ದ ಮುತ್ತಜ್ಜಿಯರಿಗೆ ಹಳಿಯನ್ನು ಮುರಿಯಲು ಆಗಿರಲಿಲ್ಲ. ಕಚೇರಿಯ ಮುಂದೆ ಬಂದೂಕಿತ್ತು. ಆದರೆ ಬಾಣಂತಿಯ ಕೋಣೆಗೆ ಯಾವ ದೊರೆಯೂ ಬರುತ್ತಿರಲಿಲ್ಲ. ಹಳಿಯ ಸದ್ದಿಗೆ ಎಳೆಗೂಸು ಬೆಚ್ಚುವುದನ್ನು ನೋಡಿದ ಯಾವಳೋ ಒಬ್ಬಳು ಅದರ ಬಾಯಿಗೆ ಬೆಲ್ಲ ಇಟ್ಟಿರಬೇಕು. ಹುಟ್ಟಿಬಂದ ಭಯವನ್ನು ಅಳಿಸಲಾಗದು, ಅದರ ಪಕ್ಕದಲ್ಲಿ ಇನ್ನೊಂದು ನೆನಪನ್ನು ಕೂರಿಸಬಹುದು. ಅದನ್ನೇ ಅವರು ಮಾಡಿದ್ದರು. ದೊರೆಯ ಗಂಟೆಯನ್ನು ಕದ್ದು ಮಕ್ಕಳ ತೊಟ್ಟಿಲಿಗೆ ಕಟ್ಟಿದ್ದರು. ಕಳ್ಳರು ಎಂದು ಹೆಸರಿಟ್ಟವರಿಂದ ಅವರು ಕದ್ದದ್ದು ಇದೊಂದನ್ನೇ ಇರಬೇಕು.

ಪ್ರಯೋಗದಲ್ಲಿ ನಿಂತೇ ಇದ್ದು ಉಗುಳು ನುಂಗಿದವರು ಗಂಟಿಬೆಲ್ಲ ಆದವರು. ಶೇವಂತಿಯ ಹಸಿವೂ ಅದೇ. ಓಣಿಯಲ್ಲಿ ಓದಿದವರು ಹೆಚ್ಚಾದ ಹಾಗೆ ಶಾಸ್ತ್ರ ಕಡಿಮೆಯಾಗಿತ್ತು. ಮತ್ತೆ ಇಂಚರಾಗೆ ಅದನ್ನು ಬೇಡವೆಂದವಳು ಸ್ವತಃ ಶೇವಂತಿ. ತೊಟ್ಟಿಲ ದಿನ ನಾದಿನಿ ಸುತ್ತಿಗೆ ಎತ್ತಿದಾಗ ಡೆಸಿಬೆಲ್ ಮೀಟರು ತಂದು ತೋರಿಸಿ, "ಇಷ್ಟು ಸಪ್ಪಳಕ್ಕ ಕೂಸಿನ ಕಿವಿ ಹಾಳಾಗ್ತಾವು" ಎಂದು ತಡೆದಿದ್ದಳು. ಮೀಟರು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಅಷ್ಟೇ.

"ಅವ್ವಾ, ಬೆಲ್ಲ ಐತಿ?" ಎಂದು ಶೇವಂತಿ ಕೇಳಿದಳು.

ಸೋಮವಾರ ಅವಳು ಗಲಗಲಿ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕೆಟ್ಟವರೇನಲ್ಲ. ಅವಳ ಮೊದಲ ಪ್ರಬಂಧವನ್ನು ಕೂತು ತಿದ್ದಿಕೊಟ್ಟವರು, ಇಂಚರಾ ಹುಟ್ಟಿದಾಗ ಬೆಳ್ಳಿ ಕಾಲ್ಗಡಗ ತಂದವರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಶುಕ್ರವಾರ ನಿಮ್ಮ ಓಣಿಯವರದು ಹಕ್ಕುಪತ್ರದ ಮೋರ್ಚಾ ಅದ. ಅವತ್ತೇ ಚೌಕದಾಗ ಟೆಸ್ಟ್ ಅಂತ ಮ್ಯಾಲಿಂದ ಆರ್ಡರ್ ಬಂದದ. ಕಂಬಾನೂ ನಿಲ್ಲಿಸ್ಯಾರ. ಆಮ್ಯಾಲ ಎಲ್ಲಾ ಚೌಕಕ್ಕೂ, ಸಾಲಿ ಮುಂದೂ."

"ಮಕ್ಕಳ ಸಾಲಿ ಮುಂದನೂ ಏನ್ರೀ?"

"ಯಾರಿಗೂ ಒಂದು ಗಾಯ ಆಗೂದಿಲ್ಲಲ್ಲ ಶೇವಂತಿ. ಲಾಠಿಕಿಂತ ಛಲೋ ಅಲ್ಲೇನು?"

"ಲಾಠಿ ಪೆಟ್ಟು ತಿಂದವ ಎದ್ದು ಬೈತಾನ್ರೀ ಸರ. ಇವರು ಏಳಂದ್ರ ಏಳ್ತಾರ, ಕೂಡಂದ್ರ ಕೂಡ್ತಾರ. ನನ್ನ ಮಗಳು ನನ್ನ ಗುರ್ತು ಹಿಡೀಲಿಲ್ಲ." ಅವರು ತಲೆ ಎಣಿಸಿದ್ದು ಅವಳಿಗೆ ನೆನಪಾಯಿತು. "ಸರ, ನಿಮ್ಮ ಮುತ್ತಜ್ಜ ಏನು ಕೆಲಸ ಮಾಡ್ತಿದ್ರು?"

"ಕಾರಕೂನ. ಸರಕಾರಿ ಕಾರಕೂನ. ಯಾಕ?"

"ಎಲ್ಲಿ ಕಾರಕೂನರು?"

ಗಲಗಲಿ ಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಆ ಗಂಟೆ ಬಡಿದಾಗ ತಾವು ಎಣಿಸಿದ್ದನ್ನು ಅವರೂ ಗಮನಿಸಿದ್ದರೆಂದು ಅವರ ಮುಖ ಹೇಳಿತು. ಬೇಲಿಯೊಳಗಿನ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಿದ್ದರೆ ಕಾರಕೂನನೂ ದೊರೆಗೆ ಜವಾಬು ಕೊಡಬೇಕಾಗಿತ್ತು. ಅವರ ಮೈಯಲ್ಲಿ ಇಳಿದುಬಂದದ್ದೂ ಭಯವೇ.

"ಆರ್ಡರ್ ಬಂದದವಾ," ಎಂದರು ಮೆಲ್ಲಗೆ. "ನಾ ಇಲ್ಲಂದ್ರ ಇನ್ನೊಬ್ಬ ಹೌದಂತಾನ."

ಆ ಸಂಜೆಯೇ ಕಂಪನಿ ಅವಳ ಗುರುತುಚೀಟಿ ಕಸಿದುಕೊಂಡಿತು. ಅಂದಿನಿಂದ ಅವಳು ಮಗಳೊಂದಿಗೆ ತಂತಿ ಓಣಿಯಲ್ಲೇ ಉಳಿದಳು. ಗಂಟಿಬೆಲ್ಲ ಆಗದ ಮಕ್ಕಳು, ದೊಡ್ಡವರು ಎಲ್ಲರನ್ನೂ ಸಮುದಾಯ ಭವನಕ್ಕೆ ಕರೆದಳು. ಕೆಲವರು ಬಂದರು, ಕೆಲವರು ನಕ್ಕರು. "ಪಿಎಚ್‌ಡಿ ಮಾಡಿ ಕಡೀಕ ಬೆಲ್ಲದ ಅಂಗಡಿಗೆ ಬಂದ್ಳು ನೋಡ್ರಿ" ಎಂದು ಒಬ್ಬ ನಿವೃತ್ತ ಮಾಸ್ತರರು ಚುಚ್ಚಿದರು. ಪ್ರಯೋಗದ ದಿನ ಅತ್ತಿದ್ದ ಹಮಾಲ ಮಾತ್ರ ಬಾಯಿಬಿಚ್ಚದೆ ಬಂದು ಮೊದಲ ಸಾಲಿನಲ್ಲಿ ಕೂತ.

ಎಳೆಗೂಸಿಗೆ ಸುಲಭವಾದದ್ದು ಒಂಬತ್ತರ ಹುಡುಗಿಗೆ ಸುಲಭವಲ್ಲ. ಶೇವಂತಿ ತನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಸದ್ದನ್ನು ಇರುವೆ ಹರಿದಷ್ಟು ಸಣ್ಣದಾಗಿ ಶುರುಮಾಡಿದಳು. ಅಷ್ಟಕ್ಕೇ ಇಂಚರಾಳ ಹಲ್ಲು ಕಚ್ಚಿಕೊಳ್ಳುತ್ತಿತ್ತು. ತುಟಿ ಸರಿಸಿ ಬೆರಳಲ್ಲಿ ಬೆಲ್ಲವನ್ನು ವಸಡಿಗೆ ತೀಡಬೇಕಾಗುತ್ತಿತ್ತು. ಎರಡನೆಯ ದಿನ ಹುಡುಗಿ ಕೂರುವ ಮೊದಲು ಒಮ್ಮೆ ಉಗುಳು ನುಂಗಿದಳು.

"ಮಮ್ಮಿ, ಅದು ಬಂದಾಗ ನಾನು ಎಲ್ಲಿ ಹೋಗ್ತೀನಿ?"

"ಎಲ್ಲೂ ಹೋಗೂದಿಲ್ಲ. ಇಲ್ಲೇ ಇರ್ತೀ."

"ಇಲ್ಲ, ಹೋಗ್ತೀನಿ. ಅಲ್ಲಿ ಯಾರದೋ ಕಾಲು ಕಾಣ್ತಾವು. ಬೂಟು."

ಶೇವಂತಿ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಇನ್ನೊಂದು ಚೂರು ಬೆಲ್ಲ ಕೊಟ್ಟಳು.

ಗುರುವಾರದ ಹೊತ್ತಿಗೆ ಇಂಚರಾ, ಬಾಯಲ್ಲಿ ಬೆಲ್ಲವಿದ್ದರೆ, ಪೂರ್ತಿ ಸದ್ದಿಗೂ ನಡುಗುತ್ತಾ ನಿಲ್ಲಬಲ್ಲವಳಾದಳು. ಬಾಯಿ ಬರಿದಾಗಿದ್ದರೆ ಇನ್ನೂ ಕೂರುತ್ತಿದ್ದಳು. ಮೋರ್ಚಾದ ದಿನ ಮಗಳನ್ನು ಎಲ್ಲಾದರೂ ದೂರ ಕಳಿಸಿಬಿಡಬೇಕೆಂದು ಶೇವಂತಿಯ ಜೀವ ಹೊಡೆದುಕೊಂಡಿತು. ಆದರೆ ನಾಳೆ ಶಾಲೆಯ ಮುಂದೆ ಅದೇ ಕಂಬ ನಿಲ್ಲುತ್ತದೆ. ಅಲ್ಲಿ ಅವಳ ಬಾಯಿಗೆ ಬೆಲ್ಲ ತೀಡುವವರು ಯಾರೂ ಇರುವುದಿಲ್ಲ, ಏಳು ಕೂರು ಎನ್ನುವವರು ಬೇಕಾದಷ್ಟು ಜನ ಇರುತ್ತಾರೆ.

ಶುಕ್ರವಾರ ಬೆಳಿಗ್ಗೆ ಓಣಿ ಹೊರಟಿತು. ಹೆಂಗಸರ ಸೆರಗಿನ ತುದಿಯಲ್ಲಿ, ಗಂಡಸರ ಜೇಬಿನಲ್ಲಿ ಬೆಲ್ಲವಿತ್ತು. ಚುಚ್ಚುಮಾತಿನ ಮಾಸ್ತರರ ಜೇಬಿನಲ್ಲೂ. ಚೌಕಕ್ಕೆ ಬರುವಾಗ ಕೂಗು ಜೋರಾಗಿತ್ತು. ನಾಲ್ಕೂ ಮೂಲೆಯಲ್ಲಿ ಹೊಸ ಕಂಬಗಳಿದ್ದವು. ಎದುರಿಗೆ ಪೊಲೀಸರು ಸಾಲಾಗಿ ನಿಂತಿದ್ದರು. ಕಂಪನಿಯ ವ್ಯಾನಿನ ಪಕ್ಕ ಗಲಗಲಿ ಸರ್ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದಿದ್ದರು. ಶೇವಂತಿಯನ್ನು ನೋಡಿ ಕಣ್ಣು ತಪ್ಪಿಸಿದರು. ಪಕ್ಕದ ಇಂಚರಾಳನ್ನು ನೋಡಿ ಇನ್ನೊಂದು ಸಲ ತಪ್ಪಿಸಿದರು.

ಢಣ್... ಢಣ್... ಢಣಢಣ.

ಕೂಗು ಕಡಿದುಹೋಯಿತು. ಅಲ್ಲಲ್ಲಿ ಕೆಲವರು ಕುಸಿದು ಕೂತರು. ಹಮಾಲನ ಮೊಣಕಾಲು ಬಾಗಿತು, ಅಲ್ಲೇ ನಿಂತಿತು, ಮತ್ತೆ ನೆಟ್ಟಗಾಯಿತು. ಅವನು ಗದ್ದ ಆಡಿಸುತ್ತಿದ್ದ. ಜನಾಬಾಯಿ ಕೂತವರ ಬಾಯಿಗೆ ಬೆಲ್ಲ ಹಾಕುತ್ತಾ "ಚೀಪು, ಚೀಪು" ಎನ್ನುತ್ತಿದ್ದಳು. ಇಂಚರಾಳ ಎಡಗೈ ಮುಂದೆ ಬಂತು. ಹೆಬ್ಬೆಟ್ಟು ಚಾಚಿತು. ಹುಡುಗಿ ಕಣ್ಣು ಮುಚ್ಚಿದಳು, ಹೆಬ್ಬೆಟ್ಟನ್ನು ತಿರುಗಿಸಿ ಬಾಯೊಳಗೆ ಇಟ್ಟುಕೊಂಡು ಬೆಲ್ಲದ ಜೊತೆ ಚೀಪತೊಡಗಿದಳು.

ಜನ ಒಂದು ಹೆಜ್ಜೆ ಮುಂದಿಟ್ಟರು. ಇನ್ನೊಂದು ಇಟ್ಟರು. ಯಾರೋ ನಕ್ಕರು. ಶೇವಂತಿಗೆ ಎದೆ ಹಗುರಾಯಿತು.

ಆಗ ಸದ್ದು ಬದಲಾಯಿತು.

ಅವಳು ಮರೆತಿದ್ದಳು. ಆ ಯಂತ್ರಕ್ಕೆ ಸೋಲು ಎಂದರೆ ಮುಂದಿನ ಪ್ರಯತ್ನ, ಅಷ್ಟೇ. ಕಂಬಗಳ ಮೇಲಿನ ಕ್ಯಾಮೆರಾಗಳು ಜನರನ್ನು ನೋಡುತ್ತಿದ್ದವು. ಕಬ್ಬಿಣದ ಭಾರ ಇಳಿಯಿತು, ಸದ್ದು ತೆಳ್ಳಗಾಯಿತು, ಒಣಗಿತು, ತಡವುತ್ತಾ ತಡವುತ್ತಾ ಒಂದು ಕಡೆ ನಿಂತಿತು. ಟಪ್. ಟಪ್. ಟಪ್. ಚರ್ಮದ ಬೂಟಿಗೆ ಬೆತ್ತ ಬಡಿದುಕೊಳ್ಳುತ್ತಾ ಯಾರೋ ಸಾಲಿನ ನಡುವೆ ನಡೆದುಬರುವ ಸದ್ದು.

ಇದಕ್ಕೆ ಮುತ್ತಜ್ಜಿಯರು ಯಾವ ಶಾಸ್ತ್ರವನ್ನೂ ಇಟ್ಟಿರಲಿಲ್ಲ.

ಜನಾಬಾಯಿಯ ಕೈ ಗಾಳಿಯಲ್ಲಿ ನಿಂತಿತು. ಅವಳು ಕೂತಳು. ಹಮಾಲ ಕೂತ, ಮಾಸ್ತರರು ಕೂತರು. ಶೇವಂತಿಯ ಮೊಣಕಾಲು ಅವಳನ್ನು ಕೇಳದೆ ಮಡಚಿಕೊಂಡಿತು. ಬಾಯಿ ಒಣಗಿತ್ತು. ತಲೆ ತಗ್ಗಿಸಿದವಳ ಓರೆಗಣ್ಣಿಗೆ ಎದುರಿನ ಪೊಲೀಸರು ಕಂಡರು. ಅವರೂ ಒಬ್ಬೊಬ್ಬರಾಗಿ ಲಾಠಿ ಕೆಳಗಿಟ್ಟು ಕೂರುತ್ತಿದ್ದರು. ವ್ಯಾನಿನ ಪಕ್ಕ ಗಲಗಲಿ ಸರ್ ಕುಕ್ಕರಗಾಲಲ್ಲಿದ್ದರು, ಟ್ಯಾಬ್ಲೆಟ್ ರಸ್ತೆಯ ಮೇಲೆ ಬಿದ್ದಿತ್ತು. ಬೆತ್ತಕ್ಕೆ ಕಾರಕೂನನೂ ಅಂಜುತ್ತಿದ್ದ, ಸಿಪಾಯಿಯೂ ಅಂಜುತ್ತಿದ್ದ. ಯಂತ್ರವನ್ನು ನಿಲ್ಲಿಸುವವರು ಯಾರೂ ಉಳಿದಿರಲಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಯೋಚನೆಯೂ ತಣ್ಣಗಾಗತೊಡಗಿತು, ಎಡಗೈ ತಾನಾಗಿ ಮೇಲೆ ಬಂತು. ಟಾರು ರಸ್ತೆಯ ಮೇಲೆ ಒಂದು ಜೊತೆ ಬೂಟು ಕಾಣಿಸಿತು. ಅಲ್ಲಿ ಯಾರೂ ಇರಲಿಲ್ಲ, ಆದರೂ ಬೂಟು ಕಾಣಿಸಿತು.

ಬೂಟಿನ ಜಾಗಕ್ಕೆ ಪುಟ್ಟ ಚಪ್ಪಲಿಯೆರಡು ಬಂದು ನಿಂತವು. ಅವು ನಡುಗುತ್ತಿದ್ದವು.

ಇಂಚರಾಳ ಬಾಯಲ್ಲಿ ಬೆಲ್ಲ ಇನ್ನೂ ಇತ್ತು. ಆ ಬೂಟನ್ನು ಅವಳು ಬೆಲ್ಲ ಚೀಪುತ್ತಲೇ ಮೊದಲೂ ಕಂಡಿದ್ದಳು. ಅವಳು ಅಳುತ್ತಿದ್ದಳು, ಚೀಪುತ್ತಿದ್ದಳು, ನಿಂತಿದ್ದಳು. "ಬಾಯಿ ತಗಿ ಮಮ್ಮಿ" ಎಂದಳು. ಶೇವಂತಿಗೆ ತೆಗೆಯಲಾಗಲಿಲ್ಲ. ಹುಡುಗಿ ಅಮ್ಮನಿಂದ ಕಲಿತ ಹಾಗೆಯೇ ತುಟಿ ಸರಿಸಿ, ಬೆರಳಿನಿಂದ ವಸಡಿಗೆ ಬೆಲ್ಲ ತೀಡಿದಳು. ಟಪ್ ಎಂದಾಗ ತೀಡಿದಳು, ಮತ್ತೆ ಟಪ್ ಎಂದಾಗ ಮತ್ತೆ ತೀಡಿದಳು. ಎಷ್ಟೋ ಹೊತ್ತಿನ ಮೇಲೆ ಶೇವಂತಿಯ ಗಂಟಲು ಒಮ್ಮೆ ಆಡಿತು, ಉಪ್ಪು ಕಣ್ಣೀರು ಬೆರೆತ ಸಿಹಿ ಒಳಗಿಳಿಯಿತು.

"ನುಂಗಿದಿ ಏನ್ ಮಮ್ಮಿ?"

ಶೇವಂತಿ ಮಗಳ ಗುರುತು ಹಿಡಿದಳು. ಏಳಲು ಇನ್ನೂ ಆಗಿರಲಿಲ್ಲ.

ಕಂಬದ ಮೇಲೆ ಸದ್ದು ಮತ್ತೆ ತುಸು ಬದಲಾಯಿತು, ತಡವತೊಡಗಿತು. ಇಂಚರಾ ಅತ್ತ ಒಮ್ಮೆ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ಜನಾಬಾಯಿಯ ಸೆರಗಿನ ಗಂಟು ಬಿಚ್ಚಿ, ಬೆಲ್ಲ ಇನ್ನೆಷ್ಟು ಉಳಿದಿದೆ ಎಂದು ನೋಡಿದಳು.